ಒಂದೂವರೆ ಗಂಟೆ ದೂರದ ತಮ್ಮ

“ಅಮ್ಮಾ, ವಿಮಾನದಕ್ಕ ರಜಾ ಬಂದ್ರೆ ಸಾಕು, ಆಕಾಶಕ್ಕೆ ಯಾಕೆ ಬೈತಾರೆ?”

ಕೆಳಗಿನ ಮನೆಯ ಪುಟ್ಟಿ ಬಾಯಿತುಂಬ ಹಲ್ಲುಜ್ಜುವ ನೊರೆ ಇಟ್ಟುಕೊಂಡು ಈ ಪ್ರಶ್ನೆ ಕೇಳಿದಾಗ ಅವಳ ತಾಯಿ “ಶ್! ಮೆಲ್ಲಗೆ” ಎಂದು ಗದರಿದಳು. ಅಷ್ಟರಲ್ಲಿ ತಡವಾಗಿಹೋಗಿತ್ತು. ಮೇಲೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ವಿಮಾನದಕ್ಕನ ಕಿವಿಗೆ ಮಾತು ಬಿದ್ದಾಗಿತ್ತು. ಅವಳು ಒದ್ದೆ ಚಾದರವನ್ನು ಹಾಗೇ ಹೆಗಲ ಮೇಲೆ ಹಾಕಿಕೊಂಡು ಗೋಡೆಯಿಂದ ಬಗ್ಗಿ ನೋಡಿದಳು.

“ಕೇಳಲಿ ಬಿಡಮ್ಮ, ಮಗೂನ ಯಾಕೆ ಬೈತೀಯ? ಪುಟ್ಟಿ, ಆಕಾಶಕ್ಕೆ ಬೈತಿಲ್ಲ ಕಣೇ. ಈಗ ಹೋಯ್ತಲ್ಲ, ಆ ವಿಮಾನಕ್ಕೆ ಬೈದೆ.”

“ಅದೇನು ಮಾಡ್ತು?”

“ಏನೂ ಮಾಡ್ಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗುತ್ತೆ, ಹೊತ್ತಿಗೆ ಸರಿಯಾಗಿ ಬರುತ್ತೆ. ಅದಕ್ಕೇ ನನ್ನ ಹೊಟ್ಟೆ ಉರಿಯೋದು.”

ಪುಟ್ಟಿಗೆ ತಲೆಬುಡ ತಿಳಿಯಲಿಲ್ಲ. ಬಾಯಿ ಮುಕ್ಕಳಿಸಿ ಒಳಗೆ ಓಡಿದಳು. ಅವಳ ತಾಯಿಗೆ ಮಾತ್ರ ಆ ಉರಿ ಎಲ್ಲಿಯದೆಂದು ಗೊತ್ತಿತ್ತು. ಮೂರು ವರ್ಷದಿಂದ ತಾರಸಿಯ ಮೆಟ್ಟಿಲಿನ ಮೇಲೆ ಕೂತು ಅದನ್ನು ಕೇಳಿದವಳು ಅವಳೇ.

ವಿಮಾನದಕ್ಕನದು ವಿಮಾನದೊಳಗೆ ಕಸ ಗುಡಿಸುವ ಕೆಲಸ. ಒಂದು ವಿಮಾನ ಬಂದು ನಿಂತು, ಜನ ಇಳಿದು, ಇನ್ನೊಂದು ಗುಂಪು ಹತ್ತಬೇಕಲ್ಲ, ಅದರ ನಡುವೆ ಸಿಗುವ ಚೂರು ಹೊತ್ತಿನಲ್ಲಿ ಐದಾರು ಹೆಂಗಸರು ಹಿಂದಿನ ಬಾಗಿಲಿನಿಂದ ನುಗ್ಗುತ್ತಾರೆ. ಒಬ್ಬಳು ಮಡಚುವ ಮೇಜು ಒರೆಸಿದರೆ ಇನ್ನೊಬ್ಬಳು ನೆಲ ಗುಡಿಸುತ್ತಾಳೆ. ಸೀಟಿನ ಹಿಂದಿನ ಜೇಬುಗಳಿಗೆ ಕೈ ಹಾಕುವುದು, ಸೊಂಟದ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸುವುದು ವಿಮಾನದಕ್ಕನ ಪಾಲು. ಹೀಗೆ ಅರ್ಧ ಆಯುಷ್ಯ ದಿನವೂ ವಿಮಾನ ಹತ್ತಿ ಇಳಿದವಳು ಒಂದು ಸಲವಾದರೂ ಹಾರಿದವಳಲ್ಲ. ಯಾರಾದರೂ ಚುಡಾಯಿಸಿದರೆ, “ನಿಂತಿರೋವರೆಗೆ ಅದು ನಂದು. ಎದ್ದ ಮೇಲೆ ಯಾರದೋ” ಎನ್ನುತ್ತಿದ್ದಳು.

ಆ ಹೆಂಗಸರಿಗೆ ವಿಮಾನಗಳ ನಂಬರು ಬೇಕಾಗಿಯೇ ಇರಲಿಲ್ಲ. ಯಾವ ಊರಿನ ಜನ ಏನು ಬೀಳಿಸಿ ಹೋಗುತ್ತಾರೋ ಅದೇ ಆ ವಿಮಾನದ ಹೆಸರು. ಸಮುದ್ರದ ಊರಿನಿಂದ ಬರುವುದು ಮರಳು ಗಾಡಿ. ದೊಡ್ಡ ಕಚೇರಿಗಳ ಊರಿನದು ಕಾಗದದ ಗಾಡಿ. ಬೆಟ್ಟಗಳ ಆಚೆ ಕಿತ್ತಳೆ ಬೆಳೆಯುವ ಒಂದು ಊರಿತ್ತು. ಅಲ್ಲಿಂದ ಬರುವ ವಿಮಾನದ ಜೇಬು ಜೇಬಿನಲ್ಲೂ ಸಿಪ್ಪೆ. ಅದು ಕಿತ್ತಳೆ ಗಾಡಿ. ಇವರು ಬೆಳಗಿನ ಚಹಾ ಕುಡಿಯುವಾಗ ಅದು ಏಳುತ್ತಿತ್ತು, ಊಟದ ಡಬ್ಬಿ ತೆರೆಯುವ ಮುಂಚೆ ಆ ಊರು ಮುಟ್ಟಿ ವಾಪಸು ಬಂದು ನಿಂತಿರುತ್ತಿತ್ತು.

ವಿಮಾನದಕ್ಕನ ಒಬ್ಬನೇ ತಮ್ಮ ಇದ್ದದ್ದು ಆ ಕಿತ್ತಳೆ ಊರಿನಲ್ಲಿ. ಅಲ್ಲೊಂದು ಕನ್ನಡಿ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದ.

ಮೂರು ವರ್ಷದ ಹಿಂದೆ, ಬೀಗ ರಿಪೇರಿ ಮಾಡುತ್ತಿದ್ದ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆ ಸೇರಿದ ಮೇಲೆ ಎದೆಯಲ್ಲಿ ನೀರು ತುಂಬಿತು. ವೈದ್ಯರು ಅಕ್ಕನನ್ನು ಹೊರಗೆ ಕರೆದು, ಬರಬೇಕಾದವರನ್ನು ಕರೆಸಿಕೊಳ್ಳಿ ಎಂದರು. ಅಕ್ಕ ಫೋನು ಮಾಡಿದಳು. “ಹೊರಟೆ ಅಕ್ಕ, ಹೊರಟೆ” ಎಂದ ತಮ್ಮ.

ಅಪ್ಪನಿಗೆ ಮಗಳ ಕೆಲಸ ಗೊತ್ತಿತ್ತು. ದಿನವೂ ಅವಳು ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ದಿಂಬಿನಿಂದ ತಲೆ ಎತ್ತುತ್ತಿದ್ದರು.

“ಕಿತ್ತಳೆ ಗಾಡಿ ಬಂತೇನೇ?”

“ಬಂತಪ್ಪ.”

“ಅವನು?”

“ನಾಳೆಯಂತೆ ಅಪ್ಪ.”

ಆ ದಿನಗಳಲ್ಲಿ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು, ಇಳಿಯುವವರ ಮುಖ ಒಂದೊಂದನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ, ಊರಿಗೆ ಬಂದಾಗಲೆಲ್ಲ ತಮ್ಮ ಕೇಳಿ ಕೂರುತ್ತಿದ್ದ ಹದಿನಾಲ್ಕನೇ ಸಾಲಿನ ಕಿಟಕಿ ಪಕ್ಕದ ಸೀಟನ್ನು ಬೇರೆಲ್ಲದಕ್ಕಿಂತ ಚೆನ್ನಾಗಿ ಒರೆಸಿ, ‘ಹೋಗು, ನಾಳೆ ಅವನನ್ನ ಕೂರಿಸ್ಕೊಂಡು ಬಾ’ ಎಂದು ಮೆಲ್ಲಗೆ ತಟ್ಟುತ್ತಿದ್ದಳು. ವಿಮಾನ ಹೋಗುತ್ತಿತ್ತು. ಯಾರ್ಯಾರನ್ನೋ ಕೂರಿಸಿಕೊಂಡು ಬರುತ್ತಿತ್ತು. ನಾಲ್ಕನೆಯ ದಿನ ಅಪ್ಪ ‘ಅವನು?’ ಎಂದು ಕೇಳುವುದನ್ನು ಬಿಟ್ಟುಬಿಟ್ಟರು. ಕಿತ್ತಳೆ ಗಾಡಿ ಬಂತಾ ಎಂದಷ್ಟೇ ಕೇಳಿದರು. ಅವತ್ತು ಮಧ್ಯಾಹ್ನವೇ ಹೋದರು, ಮುಖ ಬಾಗಿಲ ಕಡೆ ತಿರುಗಿಸಿಕೊಂಡು.

ತಮ್ಮ ಬಂದದ್ದು ಎಲ್ಲ ಮುಗಿದ ಮೇಲೆ. ನೆಂಟರಿಷ್ಟರು ತುಂಬಿದ್ದ ಮನೆಯಲ್ಲಿ ಚೀಲ ಕೆಳಗಿಟ್ಟು ಗೋಡೆಗೆ ಒರಗಿದ. “ಎಂಥ ದೂರ! ಹೊರಟ್ರೆ ಇಡೀ ದಿನ ಬೇಕು. ರಜಾ ಸಿಗೋದು ಬೇರೆ ಕಷ್ಟ. ಏನ್ ಮಾಡ್ಲಿ ನಾನು?” ಎಂದು ಅತ್ತ. ಚಿಕ್ಕಮ್ಮ ಎದ್ದು ಹೋಗಿ ಅವನ ಬೆನ್ನು ಸವರಿದಳು. “ಪಾಪ, ಅಷ್ಟು ದೂರದಿಂದ ಬಂದಿದಾನೆ, ಅವನಿಗೆ ಮೊದಲು ಚಹಾ ಕೊಡ್ರೇ” ಎಂದಳು. ಚಹಾ ಲೋಟ ತಂದು ಕೊಟ್ಟವಳು ಅಕ್ಕನೇ. ಮಾತು ಗಂಟಲವರೆಗೆ ಬಂತು. ಜನರ ಮುಂದೆ ನುಂಗಿಕೊಂಡಳು. ವಿಮಾನ ಬೇಗ ಮುಟ್ಟಿದರೂ, ಇಳಿದ ಮೇಲೆ ಅವನ ಮನೆ ಸೇರುವುದೇ ದೊಡ್ಡ ಪ್ರಯಾಣ ಇರಬಹುದು, ನನಗೇನು ಗೊತ್ತು ಎಂದು ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿದಳು.

ಆ ಸಮಾಧಾನ ಬಾಳಿದ್ದು ಅವನು ಹಿಂತಿರುಗುವವರೆಗೆ. ಅವತ್ತು ಅವಳೂ ಕೆಲಸಕ್ಕೆ ಹೋಗಿದ್ದಳು. ಬೆಳಿಗ್ಗೆ ತಮ್ಮ ಹೋದ ಕಿತ್ತಳೆ ಗಾಡಿ ಎಂದಿನಂತೆ ವಾಪಸು ಬಂತು. ಆ ಊರಿನಲ್ಲಿ ಕಣ್ಣಿಗೆ ಕಂಡ ಕಸ ಎತ್ತಿ ಕಳಿಸುತ್ತಾರೆ. ಜೇಬಿಗೆ ಕೈ ಹಾಕುವವರು ಇಲ್ಲಿಯವರೇ. ಹದಿನಾಲ್ಕನೇ ಸಾಲಿನ ಕಿಟಕಿ ಸೀಟಿನ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಕಾಗದದ ಪುಟ್ಟ ಪುಟ್ಟ ದೋಣಿಗಳು ಸಿಕ್ಕಿದವು. ಚಿಕ್ಕಂದಿನಿಂದ ತಮ್ಮನ ಬೆರಳು ಸುಮ್ಮನಿದ್ದದ್ದೇ ಇಲ್ಲ. ಕಾಗದ ಸಿಕ್ಕಿದರೆ ದೋಣಿ. ಅವಳು ಅಲ್ಲೇ, ನಡುದಾರಿಯಲ್ಲೇ ನಿಂತು ಫೋನು ಮಾಡಿದಳು.

“ಎಲ್ಲಿದೀಯೋ? ದಾರೀಲಿದೀಯಾ?”

ಆ ಕಡೆಯಿಂದ ದೊಡ್ಡದೊಂದು ಆಕಳಿಕೆ. “ಮನೇಲಿ ಅಕ್ಕ. ಆಗ್ಲೇ ಬಂದು, ಸ್ನಾನ ಮಾಡಿ, ಒಂದು ನಿದ್ದೆ ತೆಗೆದೆ. ಯಾಕೆ?”

“ಏನಿಲ್ಲ, ಮಲಕ್ಕೋ” ಎಂದಳು ಅಕ್ಕ.

ಅವಳ ಊಟದ ಡಬ್ಬಿಯನ್ನು ಆಗಿನ್ನೂ ತೆರೆದಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಕೆಳಗಿನ ಮನೆಯ ಬಾಗಿಲು ಬಡಿದಳು. ಪುಟ್ಟಿಯ ತಾಯಿ ಒಂದು ಕೈಯಲ್ಲಿ ಮಗುವಿಗೆ ಅನ್ನ ಕಲಸುತ್ತ ಇನ್ನೊಂದು ಕೈಯಲ್ಲಿ ಫೋನು ಒತ್ತಿ, ಎರಡು ಊರಿನ ಹೆಸರು ಹಾಕಿ ನೋಡಿ ಹೇಳಿದಳು. ಆಕಾಶದಲ್ಲಿ ನೇರ ಗೆರೆ ಎಳೆದರೆ ಏಳುನೂರು ಕಿಲೋಮೀಟರ್ ಚಿಲ್ಲರೆ. ರಸ್ತೆಯಲ್ಲಾದರೆ ಬೆಟ್ಟ ಸುತ್ತಿ ಬಳಸಿ ಅದರ ಎರಡರಷ್ಟು, ಬಸ್ಸಿಗೆ ಹೆಚ್ಚುಕಡಿಮೆ ಎರಡು ದಿನ. ವಿಮಾನಕ್ಕೆ ಒಂದು ಗಂಟೆ ಇಪ್ಪತ್ತೈದು ನಿಮಿಷ.

“ಒಂದೂವರೆ ಅಂತಲೇ ಇಟ್ಕೋ. ಐದು ನಿಮಿಷ ಅವನಿಗೆ ಭಿಕ್ಷೆ” ಎಂದಳು ವಿಮಾನದಕ್ಕ.

ಅಂದಿನಿಂದ ಅವಳು ತಮ್ಮನ ಮೇಲೆ ಕತ್ತಿ ಮಸೆಯತೊಡಗಿದಳು. ಎದುರಿಗೆ ಸಿಗದವನ ಮೇಲೆ ಸೇಡು ತೀರಿಸಿಕೊಳ್ಳುವುದು ಹೇಗೆ? ಸಿಕ್ಕಿದ್ದು ಅವನ ಸೀಟು. ವಿಮಾನವೆಲ್ಲ ಪಳಪಳ ಹೊಳೆಯುವಂತೆ ಮಾಡಿ ಆ ಒಂದು ಸೀಟನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದಳು. ಮೇಜಿನ ಮೇಲಿನ ಹಣ್ಣಿನ ರಸದ ಕಲೆ ಅಂಟಂಟಾಗಿ ಅಲ್ಲೇ. ಜೇಬಿನಲ್ಲಿ ಹಿಂದಿನವರು ತಿಂದ ಸಿಪ್ಪೆ ಅಲ್ಲೇ. ಪಟ್ಟಿ ತಿರುಚಿಕೊಂಡು ಬಿದ್ದದ್ದು ಬಿದ್ದ ಹಾಗೇ. ಪ್ರಯಾಣಿಕರು ದೂರು ಕೊಟ್ಟರು. ಮೇಲ್ವಿಚಾರಕ, ಮಾತಿಗೆ ಮುಂಚೆ ಸೀಟಿ ಊದುವ ಚಾಳಿಯಿಂದ ‘ಸೀಟಿ ಸಾಹೇಬ’ ಎಂದೇ ಹೆಸರಾದವನು, ಅವಳನ್ನು ಕರೆಸಿದ.

“ಏನಮ್ಮ, ಆ ಸೀಟಿನ ಮೇಲೆ ನಿಂಗೇನು ದ್ವೇಷ?”

“ಸೀಟಿನ ಮೇಲಲ್ಲ ಸಾರ್, ಕೂತವನ ಮೇಲೆ.”

“ಅಲ್ಲಿ ದಿನಾ ಬೇರೆ ಬೇರೆಯವರು ಕೂರ್ತಾರಲ್ಲಮ್ಮ!”

“ನಿಮಗೆ ಬೇರೆ ಬೇರೆ ಸಾರ್. ನನಗೆ ಒಬ್ಬನೇ.”

ಸೀಟಿ ಸಾಹೇಬ ತಲೆ ಚಚ್ಚಿಕೊಂಡು ಆ ಸಾಲನ್ನು ಬೇರೊಬ್ಬಳಿಗೆ ವಹಿಸಿದ. ಆ ಬೇರೊಬ್ಬಳು ಅಕ್ಕನ ಗೆಳತಿ, ಎಲ್ಲರೂ ಪೊರಕೆ ರಾಣಿ ಎಂದು ಕರೆಯುವವಳು. ಗೆಳತಿಯ ಹಗೆಗೆ ಮರ್ಯಾದೆ ಕೊಟ್ಟು ಅವಳೂ ಆ ಸೀಟನ್ನು ಕಣ್ಣೆತ್ತಿ ನೋಡಲಿಲ್ಲ.

ತಮ್ಮ ಫೋನು ಮಾಡಿದರೆ ವಿಮಾನದಕ್ಕ ಅವತ್ತು ಎತ್ತುತ್ತಲೇ ಇರಲಿಲ್ಲ. ಮಾರನೆಯ ದಿನ ತಾನೇ ಮಾಡಿ, “ಹೂಂ, ಏನೋ? ದೂರ ಅಲ್ವಾ, ಫೋನು ಎತ್ತೋಕೆ ಇಡೀ ದಿನ ಬೇಕಾಯ್ತು” ಎನ್ನುತ್ತಿದ್ದಳು. ಅವನು ಯಾರದೋ ಕೈಯಲ್ಲಿ ಬುಟ್ಟಿ ತುಂಬ ಕಿತ್ತಳೆ ಕಳಿಸಿದ. ಆಗ ತಾನೇ ಗಿಡದಿಂದ ಬಿಡಿಸಿದಂಥ ಹಣ್ಣು. ಒಂದೂ ಬಿಡದೆ ಪೊರಕೆ ರಾಣಿಯ ಮನೆಗೆ ಹೊರಿಸಿ, “ಎಲ್ಲ ಕೊಳೆತು ಹೋಗಿತ್ತು ಕಣೋ. ಅಷ್ಟು ದೂರದಿಂದ ಬಂತಲ್ಲ” ಎಂದು ವರದಿ ಒಪ್ಪಿಸಿದಳು.

ಆದರೆ ನೇರವಾಗಿ, ನೀನು ಸುಳ್ಳು ಹೇಳಿದೆ ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ಪುಟ್ಟಿಯ ತಾಯಿ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತ, “ಒಂದ್ಸಲ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡಿ ಅಕ್ಕ, ಹಗುರ ಆಗುತ್ತೆ” ಎಂದು ಹೇಳಿ ನೋಡಿದ್ದಳು.

“ನಾನು ಕೇಳಿದ್ರೆ ಅದು ನನ್ನ ಮಾತಾಗುತ್ತೆ ಕಣೇ. ಅವನು ಒಂದು ನೆಪ ಹೇಳ್ತಾನೆ, ಅಳ್ತಾನೆ, ಮತ್ತೆ ಯಾರಾದ್ರೂ ಚಹಾ ಕೊಡ್ತಾರೆ. ನನಗದು ಬೇಡ. ಒಂದೂವರೆ ಗಂಟೆ ಅಂತ ಅವನ ಬಾಯಿಂದಲೇ ಬರ್ಬೇಕು. ಅದು ಬರೋವರೆಗೆ ನನ್ನ ಜೀವ ಹೋಗಲ್ಲ, ನೋಡ್ತಾ ಇರು.”

ಪುಟ್ಟಿ ಆಕಾಶದ ಪ್ರಶ್ನೆ ಕೇಳಿದ ವಾರದಲ್ಲೇ ಅದು ಬಂತು.

ಸಂಜೆ ಕೆಲಸ ಮುಗಿಸಿ ಬಂದು ವಿಮಾನದಕ್ಕ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ತಮ್ಮನ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಮೂರನೆಯ ಸಲಕ್ಕೆ, ಏನೋ ಎಡವಟ್ಟಾಗಿದೆ ಎನಿಸಿ, ಅವತ್ತಿನದನ್ನು ಅವತ್ತೇ ಎತ್ತಿದಳು.

“ಅಕ್ಕ, ಆಸ್ಪತ್ರೇಲಿದೀನಿ. ಎದೆಯೊಳಗಿನ ಕವಾಟ ಕೆಟ್ಟಿದೆಯಂತೆ. ನಾಳಿದ್ದು ಬೆಳಿಗ್ಗೆ ಆಪರೇಷನ್. ಮನೆಯವರು ಯಾರಾದ್ರೂ ಪಕ್ಕದಲ್ಲಿರ್ಬೇಕು ಅಂತಾರೆ. ಹೆಂಡ್ತಿಯಂತೂ ನನ್ನ ಬಿಟ್ಟು ಹೋಗಿ ಎಷ್ಟು ಕಾಲ ಆಯ್ತು, ನಿಂಗೊತ್ತಲ್ಲ. ನೀನು ಬಿಟ್ರೆ ನಂಗೆ ಯಾರಿದಾರೆ?”

ಅಕ್ಕನ ಎದೆ ಧಸಕ್ಕೆಂದಿತು. ಆದರೆ ಮೂರು ವರ್ಷ ಸಾಣೆ ಹಿಡಿದ ನಾಲಿಗೆ ಎದೆಯ ಮಾತು ಕೇಳಬೇಕಲ್ಲ. “ಬರಬಹುದಿತ್ತಪ್ಪ. ಆದ್ರೆ ಅಷ್ಟು ದೂರ…” ಎಂದು ರಾಗ ಎಳೆದಳು.

“ಎಲ್ಲಿ ದೂರ ಅಕ್ಕ! ವಿಮಾನ ಹತ್ತಿದ್ರೆ ಒಂದೂವರೆ ಗಂಟೆ ಅಷ್ಟೇ. ಇಳಿದ್ರೆ ಆಸ್ಪತ್ರೆ ಕೂಗಳತೇಲಿದೆ. ತಿಂಡಿ ತಿಂದು ಹೊರಟ್ರೆ ಊಟಕ್ಕೆ ಇಲ್ಲಿರ್ತೀಯ!”

ಬೋಗುಣಿಯ ನೀರು ಅಲುಗಾಡುವುದು ನಿಂತಿತು.

“ಇನ್ನೊಂದ್ಸಲ ಹೇಳು.”

“ಏನು?”

“ಎಷ್ಟು ಹೊತ್ತು ಅಂದೆ?”

“ಒಂದೂವರೆ…” ಎಂದವನು ಅಲ್ಲಿಗೇ ನಿಂತ. ಆ ಕಡೆ ಯಾರೋ ಚಕ್ರದ ಗಾಡಿ ತಳ್ಳಿಕೊಂಡು ಹೋದ ಸದ್ದು.

“ಅಪ್ಪನಿಗೆ ಇಡೀ ದಿನದ ದಾರಿ, ನಿನ್ನ ಎದೆಗೆ ಒಂದೂವರೆ ಗಂಟೆ! ಊರು ಯಾವಾಗ ಹತ್ರ ಬಂತೋ? ಬೆಟ್ಟ ಗಿಟ್ಟ ಅಗೆದು ಹಾಕಿದ್ರಾ?”

“ಅಕ್ಕ, ನಂಗೆ ಹೆದರಿಕೆ ಆಗಿತ್ತು. ಅಪ್ಪ ಹೋಗೋದನ್ನ ಕಣ್ಣಾರೆ ನೋಡೋ ಧೈರ್ಯ ಇರ್ಲಿಲ್ಲ. ಎರಡು ದಿನ ಇಲ್ಲಿನ ವಿಮಾನ ನಿಲ್ದಾಣದವರೆಗೂ ಹೋದೆ. ಬಾಗಿಲಲ್ಲಿ ನಿಂತು, ವಾಪಸ್ ಬಂದೆ.”

“ಅಪ್ಪನೂ ಬಾಗಿಲನ್ನೇ ನೋಡ್ತಿದ್ರು” ಎಂದಳು ಅಕ್ಕ. “ಆಗ್ಲಿ, ಬರ್ತೀನಿ. ನೀನು ಆಗ ಹೇಳಿದ್ಯಲ್ಲ, ಆ ದೂರದ ದಾರೀಲೇ ಬರ್ತೀನಿ. ಬಸ್ಸಲ್ಲಿ, ಬೆಟ್ಟ ಸುತ್ಕೊಂಡು.”

ಫೋನು ಇಟ್ಟ ಮೇಲೆ ಅವಳಿಗೆ ಮೈಯೆಲ್ಲ ಹಗುರಾದಂತಾಯಿತು. ಅವನ ಬಾಯಿಂದಲೇ ಬಂದಿತ್ತು, ಅದೂ ತಾನಾಗಿಯೇ. ಇದ್ದ ಅನ್ನವನ್ನು ಬಿಸಿ ಮಾಡಿಕೊಂಡು, ಎಷ್ಟೋ ದಿನದಿಂದ ಕಾಣದ ಹಸಿವಿನಿಂದ ತಟ್ಟೆ ತುಂಬ ಉಂಡಳು. ಪೆಟ್ಟಿಗೆ ಎಳೆದು ಬಟ್ಟೆ ತುಂಬುವಾಗ ಬಾಯಲ್ಲಿ ಯಾವುದೋ ಹಾಡಿನ ಗುನುಗು.

ಆ ಗುನುಗು ಕೇಳಿಯೇ ಪುಟ್ಟಿಯ ತಾಯಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮೇಲೆ ಬಂದಳು. ವಿಮಾನದಕ್ಕ ಹಾಡಿದರೆ ಅದು ಸುಮ್ಮನೆ ಅಲ್ಲವೆಂದು ಅವಳಿಗೆ ಗೊತ್ತು. ಎಲ್ಲ ಕೇಳಿಸಿಕೊಂಡು ಮಗುವನ್ನು ಮಂಚದ ಮೇಲೆ ಕೂರಿಸಿದಳು. ಅಕ್ಕ ತುರುಕಿದ್ದ ಬಟ್ಟೆಯನ್ನು ಹೊರಗೆ ತೆಗೆದು ಒಂದೊಂದಾಗಿ ಮಡಿಸತೊಡಗಿದಳು.

“ನಾಳೆ ಬೆಳಿಗ್ಗೆ ಬಸ್ಸು ಹತ್ತಿದ್ರೆ ನೀವು ಮುಟ್ಟೋದು ನಾಳಿದ್ದು ಕತ್ತಲಾಗೋ ಹೊತ್ತಿಗೆ. ಆಪರೇಷನ್ ಮುಗಿದಿರುತ್ತೆ ಅಕ್ಕ.”

“ಮುಗೀಲಿ. ಎಲ್ಲ ಮುಗಿದ ಮೇಲೆ ಬರೋದು ನಮ್ಮ ಮನೆತನದ ಪದ್ಧತಿ.”

“ಸರಿ. ಬೈಯೋದು ಯಾವಾಗ?”

“ಹೋದ ಕೂಡಲೇ. ಅದಕ್ಕೇ ಅಲ್ವಾ ಹೋಗ್ತಿರೋದು?”

“ಅಷ್ಟೊತ್ತಿಗೆ ಅವರು ಮತ್ತಿನಲ್ಲಿ ಬಿದ್ದಿರ್ತಾರೆ. ಬಾಯಲ್ಲೊಂದು ನಳಿಗೆ, ಮೂಗಲ್ಲೊಂದು ನಳಿಗೆ. ಮೂರು ವರ್ಷ ಕೂಡಿಟ್ಟ ಬೈಗುಳ, ಕೇಳಿಸ್ಕೊಳ್ಳೋಕೆ ಅವರಿಗೆ ಎಚ್ಚರ ಬೇಡ್ವಾ? ಗೋಡೆಗೆ ಬೈದು ಬರ್ತೀರಾ?”

ಅಕ್ಕ ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದುಕೊಂಡು ನಿಂತಳು. ಈ ಕೋನದಿಂದ ಅವಳು ಯೋಚಿಸಿರಲಿಲ್ಲ.

ಪುಟ್ಟಿಯ ತಾಯಿ ದನಿ ಇಳಿಸಿ, ಬಟ್ಟೆಯ ಮಡಿಕೆ ಸರಿಪಡಿಸುತ್ತ, ಮುಖ ನೋಡದೆ ಹೇಳಿದಳು. “ಎದೆ ಕೊಯ್ಯೋದು ಅಂದ್ರೆ ಆಟ ಅಲ್ಲ. ಒಂದು ವೇಳೆ ಅವರು ಏಳದೇ ಇದ್ರೆ, ಆ ಬೈಗುಳನೆಲ್ಲ ಇಟ್ಕೊಂಡು ನೀವೇನು ಮಾಡ್ತೀರ ಅಕ್ಕ? ಆಗ ಅವರು ಕಾದಿದ್ದು, ನೀವು ಬರದೇ ಇದ್ದದ್ದು ಆಗುತ್ತೆ. ಅದು ಅವರಿಗೆ ಶಿಕ್ಷೆಯೋ ನಿಮಗೋ?”

ವಿಮಾನದಕ್ಕ ಪೆಟ್ಟಿಗೆಯ ಅಂಚಿನ ಮೇಲೆ ಕುಸಿದಂತೆ ಕೂತಳು. ಮಂಚದ ಮೇಲೆ ಪುಟ್ಟಿ ಅವಳ ಹಣಿಗೆ ಹಿಡಿದು ತನ್ನ ತಲೆ ತಾನೇ ಬಾಚಿಕೊಳ್ಳುತ್ತಿದ್ದಳು. ಕೊನೆಗೆ ಅಕ್ಕ ಕೇಳಿದ್ದು ಬೇರೆಯೇ ಮಾತು.

“ಅದು ತುಂಬ ಅಲುಗಾಡುತ್ತೇನೇ?”

“ಯಾವುದು?”

“ವಿಮಾನ. ನಾನು ನಿಂತಿರೋದಷ್ಟೇ ನೋಡಿರೋದು.”

ನಗು ತಡೆದುಕೊಂಡು ಪುಟ್ಟಿಯ ತಾಯಿ ಫೋನು ತೆಗೆದಳು. ನಾಳೆ ಬೆಳಗಿನ ವಿಮಾನದಲ್ಲಿ ಕೆಲವೇ ಸೀಟು ಉಳಿದಿದ್ದವು. “ಹದಿನಾಲ್ಕನೇ ಸಾಲಲ್ಲಿ ಕಿಟಕಿ ಪಕ್ಕ ಖಾಲಿ ಇದೆ, ಹಾಕ್ಲಾ?”

“ಅದೊಂದು ಬೇಡ. ಗಲೀಜು.”

“ಯಾರು ಗಲೀಜು ಮಾಡಿದ್ದು?”

“ನಾನೇ. ಬೇರೆ ಎಲ್ಲಾದ್ರೂ ಹಾಕು.”

ಬೆಳಿಗ್ಗೆ ಬೀದಿಯಲ್ಲಿ ಬಾಡಿಗೆ ಕಾರು ಬಂದು ನಿಂತಾಗ ವಿಮಾನದಕ್ಕ ಒಗೆದ ಸೀರೆ ಉಟ್ಟು, ಪ್ರಯಾಣಿಕರ ಥರ ಚೀಲ ಹಿಡಿದು, ಮೆಟ್ಟಿಲಿಳಿದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಆದರೆ ಮೂಗಿನ ತುದಿಯ ಸಿಟ್ಟು ಇನ್ನೂ ಅಲ್ಲೇ ಇತ್ತು. ಕಾರಿನ ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟು, ಮತ್ತೆ ಹೊರಗೆ ತೆಗೆದು, ಪುಟ್ಟಿಯ ತಾಯಿಯನ್ನು ಹತ್ತಿರಕ್ಕೆ ಕರೆದಳು.

“ನಂಗೊಂದು ಉಪಕಾರ ಮಾಡ್ಬೇಕು ನೀನು. ಹಾರೋವಾಗ ನನ್ನ ಫೋನು ಆಫ್ ಆಗಿರುತ್ತೆ. ಅವನು ಚಡಪಡಿಸಿ ನಿನಗೇ ಮಾಡ್ತಾನೆ. ಅಕ್ಕ ಹೊರಟ್ರಾ, ಹೇಗೆ ಹೊರಟ್ರು ಅಂತಾನೆ. ಬಸ್ಸಲ್ಲಿ ಹೋದ್ರು, ನಾಳೆ ಕತ್ತಲಾದ ಮೇಲೇ ಮುಟ್ಟೋದು ಅಂತ ಹೇಳು.”

“ಎದೆ ರೋಗಿ ಅಕ್ಕ, ಪಾಪ…”

“ಪಾಪ ಅಂತಲೇ ಒಂದೂವರೆ ಗಂಟೆಗೆ ಇಳಿಸಿರೋದು. ಇಲ್ದಿದ್ರೆ ಅಪ್ಪ ಕಾದ ಹಾಗೆ ಅವನಿಗೂ ನಾಲ್ಕು ದಿನ ಇತ್ತು. ನಾನು ಹೋಗಿ ಹಾಸಿಗೆ ಪಕ್ಕ ನಿಲ್ಲೋವರೆಗೆ, ಅಷ್ಟೇ ಅಷ್ಟು ಹೊತ್ತು, ಅಕ್ಕ ಬರಲ್ಲ ಅಂದ್ಕೊಂಡು ಅವನೂ ಬಾಗಿಲು ನೋಡ್ತಾ ಮಲಗಿರ್ಲಿ. ಹೇಳ್ತೀಯ ತಾನೇ? ದನಿ ಗಟ್ಟಿಯಾಗಿರ್ಲಿ, ನಗಬೇಡ. ಮಗೂ ಕೈಗಂತೂ ಫೋನ್ ಕೊಡ್ಲೇಬೇಡ, ಅದು ನಿಜ ಹೇಳಿಬಿಡುತ್ತೆ.”